ಒಂದು ಹೊತ್ತಿನ ಬಂಕಾಪುರದವ

ಆ ಶನಿವಾರ ಬೆಳಿಗ್ಗೆ ಮಾಡಿದ ಕೆಲಸ ಇಷ್ಟು: ಫಜರ್ ನಮಾಜು. ಎರಡು ಕೊಡ ನೀರು ತಂದದ್ದು. ಸ್ಟೋವಿಗೆ ಪಿನ್ನು ಚುಚ್ಚಿ ಚಹಾ ಕಾಸಿದ್ದು. ಹಿಂದಿನ ದಿನದ ಬುತ್ತಿ ಡಬ್ಬಿ ತೊಳೆದು ಚೀಲಕ್ಕೆ ಹಾಕಿದ್ದು. ಅಂಗಿಗೆ ಗುಂಡಿ ಹಚ್ಚಿದ್ದು. ಆಮೇಲೆ ಗೆಳೆಯನ ಜೊತೆ ಹಿರೇಕೆರೂರಿನ ಬಸ್ಸು ಹತ್ತಿದ್ದು.

೧೯೬೦ರ ಸುಮಾರಿಗೆ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಅವನೂ ನಾನೂ ಒಂದೇ ಖೋಲಿ. ಇಬ್ಬರಿಗೂ ಊರಿಂದ ಬುತ್ತಿ ಬಸ್ಸಿನಲ್ಲೇ ಬರುತ್ತಿತ್ತು. ಹಿರೇಕೆರೂರಿನ ಅವನ ಮನೆ ಲಿಂಗಾಯತರದು. ನನ್ನ ಬುತ್ತಿಗೆ ಅವನೂ ಕೈ ಹಾಕುತ್ತಾನೆಂದು ತಿಳಿದ ಮೇಲೆ ಸವಣೂರಿನಲ್ಲಿ ನಮ್ಮ ಅಮ್ಮಾ ಒಂದು ಗಡಿಗೆ ಬೇರೆಯೇ ಇಟ್ಟಳು. ಅದಕ್ಕೆ ಮಾಂಸ ತಾಗಿಸುತ್ತಿರಲಿಲ್ಲ.

ಬೆಳಿಗ್ಗೆ ಅವನು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂಡುತ್ತಿದ್ದ. ಪಕ್ಕದಲ್ಲೇ ನನ್ನ ನಮಾಜಿನ ಚಾಪೆ, ಜಾನಮಾಜು, ಹಾಸಿರುತ್ತಿತ್ತು. ಸಂಜೆ ಆಚೆ ಖೋಲಿಯ ಹುಡುಗರೂ ಬಂದು ಕುಳಿತು ಕೇಳುತ್ತಿದ್ದರು.

“ಐದೈದು ಸಲ ಏನ್ ಕೇಳ್ತೀಯೋ ದೇವ್ರನ್ನ? ಪಾಸ್ ಮಾಡು ಅಂತೇನು?”

“ಹಂಗ ಕೇಳಿದ್ರ, ಮೊದಲು ಓದಲೇ ಅಂತಾನ.”

ನಕ್ಕರು. ಗೆಳೆಯ ಮಾತ್ರ ಎಲ್ಲರೂ ಎದ್ದು ಹೋದ ಮೇಲೂ ಕೇಳುತ್ತಿದ್ದ. ಒಮ್ಮೆ ರಂಜಾನಿನಲ್ಲಿ ನನ್ನ ಜೊತೆ ರೋಜಾ ಹಿಡಿದು, ಮಧ್ಯಾಹ್ನಕ್ಕೆ ಚುರಮುರಿ ತಿಂದು, “ನನ್ನದು ಅರ್ಧ ರೋಜಾ” ಎಂದ. ನಿಮ್ಮ ಧರ್ಮದಲ್ಲಿ ಎಲ್ಲಕ್ಕೂ ಮೊದಲು ಏನು ಎಂದು ಕೇಳಿದಾಗ, ಸಾಕ್ಷಿ ಹೇಳುವುದು ಎಂದೆ. ದೇವರೊಬ್ಬನೇ ಎಂದು ಬಾಯಿಬಿಟ್ಟು ಸಾಕ್ಷಿ ಹೇಳಬೇಕು, ಉಳಿದದ್ದೆಲ್ಲ ಆಮೇಲೆ.

“ಇದನ್ನೆಲ್ಲ ನಮ್ಮಪ್ಪಗೂ ಹೇಳು ನಡಿ. ಅವಗ ಇಂಥಾ ಮಾತು ಭಾಳ ಸೇರ್ತಾವ,” ಎಂದ. ನಾನು ಹೊರಟಿದ್ದು ಆ ಮಾತಿಗೇ. ಬಸ್ಸಿನಲ್ಲಿ ಕುಳಿತು, ಹಿರಿಯರ ಎದುರು ಏನು ಹೇಳಬೇಕು, ಹೇಗೆ ಶುರು ಮಾಡಬೇಕು ಎಂದು ಜೋಡಿಸಿಕೊಂಡೆ.

ಬಸ್ಸಿಳಿದಾಗ ಬಿಸಿಲು ಏರಿತ್ತು. “ಬೆವತಿ ನೋಡು. ಟೊಪಿಗಿ ತಗದು ಚೀಲದಾಗ ಇಡು,” ಎಂದ. ಇಟ್ಟೆ.

ಹೊಸ್ತಿಲಲ್ಲೇ ಅವರಪ್ಪ ಎದುರಾದರು. “ಯಾರಪಾ ಇಂವ?”

“ಬಂಕಾಪುರದಾವ. ನಮ್ಮವನ,” ಎಂದ ಗೆಳೆಯ. ಹೆಸರೂ ಹೇಳಿದ. ಅದು ಆಚೆ ಖೋಲಿಯ ಲಿಂಗಾಯತ ಹುಡುಗನೊಬ್ಬನ ಹೆಸರು.

ಟೊಪ್ಪಿಗೆ ಯಾಕೆ ತೆಗೆಸಿದ್ದೆಂದು ಆಗ ತಿಳಿಯಿತು. ಅಲ್ಲೇ ಬಾಯಿ ಬಿಡಬೇಕಿತ್ತು. ಅವನ ಮಾತು ಕೆಳಗೆ ಬೀಳದಿರಲಿ ಎಂದು ಸುಮ್ಮನಿದ್ದೆ. ಆ ತಪ್ಪು ನನ್ನದು.

ಅಡುಗೆಮನೆಯಲ್ಲಿ ಎಲೆ ಹಾಕಿದ್ದರು. ಅವನ ಅಜ್ಜಿ ತಂಬಿಗೆಯಲ್ಲಿ ನೀರು, ವಿಭೂತಿ ಗಟ್ಟಿ ತಂದಿಟ್ಟು, “ಲಿಂಗಪೂಜಿ ಮಾಡ್ಕೋರಿ, ಎಡಿ ಆರತೈತಿ,” ಎಂದರು. ಲಿಂಗಪೂಜೆಯಾಗದೆ ಆ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಗೆಳೆಯ ತಟ್ಟನೆ ನನ್ನ ಕೊರಳು ನೋಡಿದ. ಹೆಸರು, ಊರು ಎಲ್ಲ ಹೊಂದಿಸಿದ್ದವನು ಇದೊಂದನ್ನು ಮರೆತಿದ್ದ. ದಿನವೂ ನನ್ನ ಪಕ್ಕದಲ್ಲೇ ಪೂಜೆ ಮಾಡುತ್ತಿದ್ದವನಿಗೆ ನನ್ನ ಬರಿಗೊರಳು ಅಷ್ಟು ರೂಢಿಯಾಗಿತ್ತು.

“ಕೊಳ್ಳಾಗ ಲಿಂಗಿಲ್ಲಲ್ಲೋ ತಮ್ಮಾ! ಎಲ್ಲೆ ಕಳಕೊಂಡಿ?” ಅಜ್ಜಿ ಬಗ್ಗಿ ನೋಡಿದರು. ಕಳೆದಿದೆ ಎಂದಿದ್ದರೆ ನಂಬುತ್ತಿದ್ದರು. ಆ ಮುದುಕಿಯ ಮುಖ ನೋಡಿ ಹಾಗೆ ಹೇಳಲಾಗಲಿಲ್ಲ.

“ಕಳದಿಲ್ರಿ ಅಜ್ಜಿ. ನಾ ಬಂಕಾಪುರದಾವಲ್ಲ. ಸವಣೂರ ಸಾಬರ ಹುಡುಗರಿ.”

ಅವರಪ್ಪ ಮಗನ ಕಡೆ ತಿರುಗಿದರು. “ನಿನಗ ಗೊತ್ತಿತ್ತೇನು?”

ನಾನೂ ಅವನನ್ನೇ ನೋಡಿದೆ. ಒಂದು ಮಾತು ಸಾಕಿತ್ತು. ಅವನು ಗೋಡೆಯ ಗೂಟ ನೋಡುತ್ತ, “ಇಲ್ಲಪ್ಪ. ನನಗೂ ಹಂಗ ಹೇಳಿದ್ದ,” ಎಂದ.

ಅವರಪ್ಪ ಗದರಲಿಲ್ಲ. ಗದರಿದ್ದರೆ ಚಲೋ ಇತ್ತು. “ಸಾಬ ಅಂದಿದ್ರ ನಿನ್ನ ಉಪಾಸ ಕಳಸ್ತಿದ್ವೇನು? ಪಡಸಾಲ್ಯಾಗ ಎಲಿ ಹಾಕ್ತಿದ್ವಿ. ಸುಳ್ಳು ಹೇಳಿ ಒಳಗ ಬಂದಿಯಲ್ಲೋ. ನಿಮ್ಮ ಧರ್ಮದಾಗ ಹಿಂಗ ಕಲಸ್ತಾರೇನು?”

ಅದನ್ನೇ ಹೇಳಲು ಬಂದಿದ್ದೆ, ನಮ್ಮ ಧರ್ಮದಲ್ಲಿ ಏನು ಕಲಿಸುತ್ತಾರೆಂದು. ಈಗ ನಾನು ಏನು ಹೇಳಿದರೂ ಅದು ಸುಳ್ಳುಗಾರನ ಮಾತೇ. ಚೀಲ ಎತ್ತಿಕೊಂಡು ಹೊರಬಿದ್ದೆ. ಓಣಿ ತಿರುಗುವ ತನಕ ಹಿಂದೆ ಹೆಜ್ಜೆ ಸಪ್ಪಳ ಕೇಳೀತೆಂದು ನಿಧಾನವೇ ನಡೆದೆ. ಯಾರೂ ಬರಲಿಲ್ಲ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಚೀಲದಿಂದ ಟೊಪ್ಪಿಗೆ ತೆಗೆದು ಹಾಕಿಕೊಂಡೆ. ಸವಣೂರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ ಮಗ್ರಿಬ್ ನಮಾಜು ಆಗಿತ್ತು. ಹೇಳದೆ ಬಂದವನನ್ನು ಕಂಡು ಅಮ್ಮಾ ಕೈಯಿಂದ ಚೀಲ ಇಸಿದುಕೊಂಡಳು. ತೊಳೆದಿದ್ದ ಡಬ್ಬಿಯನ್ನು ಮತ್ತೊಮ್ಮೆ ತೊಳೆದಿಟ್ಟಳು. ಗೆಳೆಯನಿಗೆ ಇಷ್ಟವೆಂದು ಸೋಮವಾರದ ಬುತ್ತಿಗೆ ಶೇಂಗಾ ಹುರಿಯತೊಡಗಿದಳು.

“ಇನ್ನ ಆ ಗಡಿಗಿ ಬೇರೆ ಇಡಬ್ಯಾಡ,” ಎಂದೆ.

ಅವಳು ನನ್ನನ್ನು ನೋಡಿದಳು, ಹುರಿಯುವುದು ನಿಲ್ಲಿಸಲಿಲ್ಲ. ಆ ರಾತ್ರಿ ನಾನು ಉಂಡದ್ದು ಎರಡು ರೊಟ್ಟಿ, ಅದೇ ಗಡಿಗೆಯ ಬದನೆಕಾಯಿ ಪಲ್ಯ, ಬಿಸಿ ಶೇಂಗಾ ಒಂದು ಹಿಡಿ. ಮೊದಲು ಮಲಗಿದವಳು ತಂಗಿ, ಆಮೇಲೆ ಅಬ್ಬಾ. ಅಮ್ಮಾ ಹೊರಳಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು.