ಮೆಣಸಿನಕಾಯಿ ಕೋಣೆಯ ಕ್ಲಿನಿಕ್

ರೊಟ್ಟಿ ಬಡಿಯುತ್ತಿದ್ದೆ. ಬಲಗೈ ಬಡಿಯಿತು, ಎಡಗೈ ತಿರುಗಿಸಲಿಲ್ಲ. ರೊಟ್ಟಿ ಒಂದೇ ಕಡೆ ತೆಳ್ಳಗಾಗಿ ಹರಿಯಿತು. ಜೋಮು ಹಿಡಿದಿರಬೇಕೆಂದು ಕೈ ಕೊಡವಲು ನೋಡಿದೆ. ಆಗಲಿಲ್ಲ. ನನ್ನ ಮಗನನ್ನು, ಅಂದರೆ ನಿಮ್ಮಪ್ಪನನ್ನು, ಕರೆಯಲು ಹೋದರೆ ಬಾಯಿಯೂ ಓರೆಯಾಗಿತ್ತು.

ಲಕ್ವಾ.

ಹುಬ್ಬಳ್ಳಿಯ ಡಾಕ್ಟರು ಸ್ಟ್ರೋಕ್ ಅಂದರು. "ಜೀವಕ್ಕ ಧೋಕಾ ಇಲ್ರಿ. ಕೈಕಾಲು ದುಡಿಸಿದಷ್ಟು ಬರ್ತಾವು" ಎಂದು ಮನೆಗೆ ಕಳಿಸಿದರು.

ದುಡಿಸಿದವಳು ಸರೋಜಾ, ನನ್ನ ಮೈದುನನ ಮಗಳು. ಮುಂಬಯಿಯಲ್ಲಿ ಫಿಜಿಯೋಥೆರಪಿ ಕಲಿತು ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಿದ್ದಳು. ರಜೆ ಹಾಕಿ ಗುಡಗೇರಿಗೆ ಬಂದವಳು ತಿರುಗಿ ಹೋಗಲಿಲ್ಲ. ದಿನವೂ ನನ್ನ ಹಾಸಿಗೆಯ ಬದಿಗೆ ಕೂತು ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಗಂಡ ಹೋದ ಮೇಲೆ ನನ್ನ ಕೈಯನ್ನು ಅಷ್ಟು ಹೊತ್ತು ಯಾರೂ ಹಿಡಿದಿರಲಿಲ್ಲ. ನನಗಾಗಿಯೇ ನೌಕರಿ ಬಿಟ್ಟಳೆಂದು ಒಳಗೊಳಗೇ ಹಿಗ್ಗಿದೆ.

ನನಗಾಗಿ ಅಲ್ಲ.

ಸ್ಟೇಶನ್ ರಸ್ತೆಯಲ್ಲಿ ಸ್ವಂತ ಕ್ಲಿನಿಕ್ ತೆಗೆಯುವ ಯೋಚನೆ ಅವಳದು. ನನ್ನ ಬೆರಳು ಬಿಡಿಸುತ್ತಲೇ ತನ್ನವ್ವನಿಗೆ ಹೇಳುತ್ತಿದ್ದಳು: ಹಿಡಿದು ನಡೆಯಲು ಕಮ್ಮಾರ ಎರಡು ಕಬ್ಬಿಣದ ಪೈಪು ನೆಟ್ಟು ಪ್ಯಾರಲಲ್ ಬಾರ್ ಮಾಡಿಕೊಡುತ್ತಾನೆ, ತೋಳು ಎಳೆಯಲು ಬಾವಿಯ ಗಡಗಡಿ ಸಾಕು, ಕಾಲಿಗೆ ಕಟ್ಟುವ ಮರಳಿನ ಚೀಲ ಮನೆಯಲ್ಲೇ ಹೊಲಿಯಬಹುದು.

ಅವಳವ್ವ, ಅಂದರೆ ನನ್ನ ನೆಗೆಣ್ಣಿ ಗಂಗವ್ವ, ಹಣೆ ಬಡಿದುಕೊಂಡಳು. "ಪಂಖಾದ ಕೆಳಗಿನ ನೌಕರಿ ಬಿಟ್ಟು ಇಲ್ಲೆ ಯಾರ ಕಾಲ ಹಿಡೀತೀಲೇ?"

"ಬಂದೋರ ಕಾಲೆಲ್ಲಾ ಹಿಡೀತೀನಿ ಬೇ. ಹುಬ್ಬಳ್ಳಿಗೆ ಹೋಗಲಾರದ ಎಷ್ಟ ಮಂದಿ ಹಾಸಿಗಿ ಹಿಡದಾರ ಗೊತ್ತೈತೇನು?"

ಎಲ್ಲರ ಕಾಲು. ಆ ಮಾತು ನನಗೆ ಚುಚ್ಚಿತು.

ಸಿಕ್ಕಿದ ಜಾಗ ಹಿಂದೆ ಮೆಣಸಿನಕಾಯಿ ತುಂಬಿಡುತ್ತಿದ್ದ ಕೋಣೆ. ನನ್ನನ್ನೂ ದಿನವೂ ಅಲ್ಲಿಗೇ ಕರೆದೊಯ್ಯತೊಡಗಿದಳು. ಸುಣ್ಣ ಬಳಿದರೂ ಘಾಟು ಹೋಗಲಿಲ್ಲ; ಬಂದವರು ಮೊದಲು ಸೀನಿ ಆಮೇಲೆ ನಮಸ್ಕಾರ ಮಾಡುತ್ತಿದ್ದರು. ಮೊದಲ ವಾರ ಒಬ್ಬ ಗೌಡರು ಸುತ್ತಲೂ ನೋಡಿ, "ಸೂಜಿ ಇಲ್ಲ, ಗುಳಿಗಿ ಇಲ್ಲ. ಕೈ ನಾವ ಎತ್ತಬೇಕು, ರೊಕ್ಕಾನೂ ನಾವ ಕೊಡಬೇಕು. ಇದ್ಯಾವ ದವಾಖಾನಿ?" ಎಂದು ಎದ್ದು ಹೋದರು. ಕ್ಲಿನಿಕ್ ನಡೆಯಲಿಕ್ಕಿಲ್ಲ ಅನ್ನಿಸಿತು. ನಡೆಯದಿದ್ದರೆ ಸರೋಜಾ ಮತ್ತೆ ನನ್ನ ಹಾಸಿಗೆಯ ಬದಿಗೆ ಬರುತ್ತಾಳೆ ಎಂದೂ ಅನ್ನಿಸಿತು.

ಆದರೆ ಸಂಶಿಯಿಂದ ಖತೀಜಾಬಿ ಬಂದಳು. ನೇಕಾರರ ಮನೆಯವಳು, ನನ್ನ ಓರಗೆಯವಳು. ಅವಳದು ಬಲಭಾಗ ಹೋಗಿತ್ತು. "ಮಗ್ಗ ತುಳದು ತುಳದು ಸಾಕಾಗಿ ಕಾಲು ರಜಾ ಹಾಕೇತ್ರಿ" ಎಂದು ಎಲ್ಲರನ್ನೂ ನಗಿಸಿದಳು. ಸರೋಜಾ ಅವಳನ್ನು ಅವರ ಮಾತಿನಲ್ಲೇ ಚಾಚಿ, ಅಂದರೆ ಚಿಗವ್ವ, ಅಂದಳು. ಅವಳ ಕಾಲನ್ನು ನನ್ನ ಕಾಲಿಗಿಂತ ಹೆಚ್ಚು ಹೊತ್ತು ಹಿಡಿದಳು. ಕಣ್ಣು ಮುಚ್ಚಿ ಕೂತರೂ ನನ್ನ ಕಿವಿ ಅತ್ತಲೇ ಇರುತ್ತಿತ್ತು.

ನನಗೆ ಮಾತ್ರ ಸಿಟ್ಟಿನ ಮಾತು. "ದೊಡ್ಡವ್ವ, ಪೈಪ ಹಿಡಿ. ಇಷ್ಟ್ಯಾಕ ಆಲಸ್ಯಾ ಮಾಡ್ತಿ?"

ಆಲಸ್ಯವಲ್ಲ. ಬೆಳಕಿಗೆಂದು ಅವಳು ಪೈಪುಗಳನ್ನು ಬಾಗಿಲಿನ ಎದುರಿಗೇ ನೆಟ್ಟಿದ್ದಳು. ಹೊರಗೆ ಕಟ್ಟೆಯ ಮೇಲೆ ಗಂಡಸರು ಪಾಳಿಗೆ ಕೂತಿರುತ್ತಿದ್ದರು. ನಮ್ಮ ಮನೆತನದ ಹೆಣ್ಣುಮಕ್ಕಳು ತಲೆಯ ಮೇಲಿನ ಸೆರಗು ಬಿಟ್ಟು ಗಂಡಸರೆದುರು ನಿಂತವರಲ್ಲ. ಗಂಡ ಸತ್ತವಳಿಗಂತೂ ಆ ನೇಮ ಇನ್ನೂ ಬಿಗಿ. ನನಗಿದ್ದದ್ದು ಆಡುವ ಕೈ ಒಂದೇ. ಅದು ಸೆರಗು ಹಿಡಿಯಬೇಕೋ, ಪೈಪು ಹಿಡಿಯಬೇಕೋ? ಮುಂಬಯಿಯಲ್ಲಿ ತಲೆಗೆ ಸೆರಗಿಲ್ಲದೆ ತಿರುಗಾಡಿದವಳಿಗೆ ಅದು ಹೊಳೆದಿರಲಿಲ್ಲ. ನನಗೂ ಹೇಳಲು ನಾಚಿಕೆ. ಕೈಯಿಂದ ಸೆರಗು ಹಿಡಿದುಕೊಂಡೇ ಒಂದು ಹೆಜ್ಜೆ ಇಟ್ಟು ಕೂತುಬಿಡುತ್ತಿದ್ದೆ.

ಒಂದು ದಿನ ಖತೀಜಾಬಿ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಎಡಗೈಯಿಂದ ಪೈಪು ಹಿಡಿದು ಆ ತುದಿ ಮುಟ್ಟಿದಳು.

"ಶಾಣ್ಯಾಕಿ ನಮ್ಮ ಚಾಚಿ" ಅಂದಳು ಸರೋಜಾ.

ನಮ್ಮ ಚಾಚಿ.

ಎದ್ದೆ. ಬಲಗೈಯಿಂದ ಪೈಪು ಹಿಡಿದೆ. ಓರೆ ಬಾಯಿ, ಕಚ್ಚಲು ಬರಲಿಲ್ಲ.

ಸೆರಗು ಬಿತ್ತು.

ನಾನು ನಿಲ್ಲಲಿಲ್ಲ. ಕಟ್ಟೆಯ ಮೇಲೆ ಯಾರೋ ಕೆಮ್ಮಿ ಆಚೆ ಮುಖ ಮಾಡಿದರು. ನೆಲವನ್ನೇ ನೋಡುತ್ತ, ಎಡಗಾಲು ಎಳೆಯುತ್ತ ಆ ತುದಿ ಮುಟ್ಟಿದೆ. ಆಮೇಲೆ ತಲೆ ಎತ್ತಲಾಗಲಿಲ್ಲ. ಖತೀಜಾಬಿಯೇ ಕಾಲೆಳೆಯುತ್ತ ಬಂದು ಸೆರಗೆತ್ತಿ ನನ್ನ ತಲೆಗೆ ಹೊದಿಸಿದಳು.

"ಬಾಯಾಗ ಹಿಡೀಬೇಕ್ರಿ ಅಕ್ಕಾರ. ಆದ್ರ ಮಾತಾಡಾಕ ಬರೂದಿಲ್ಲ, ಅದೊಂದ ತ್ರಾಸ."

ನಗು ಬಂತು. ಸರೋಜಾ ಮಾತ್ರ ನಗಲಿಲ್ಲ. ನನ್ನ ಸೆರಗು, ಪೈಪು, ತೆರೆದ ಬಾಗಿಲು ಮೂರನ್ನೂ ನೋಡಿದಳು. "ಇದಕ್ಕೇನ್ ದೊಡ್ಡವ್ವ? ಬಾಯಿಬಿಟ್ಟ ಹೇಳಬಾರದ?"

ಮರುದಿನವೇ ಹಳೆಯ ಸೀರೆಯ ಪರದೆ ಕಟ್ಟಿದಳು. ಮುಂಜಾನೆ ಹೆಂಗಸರಿಗೆ, ಸಂಜೆ ಗಂಡಸರಿಗೆ ಎಂದು ಗೊತ್ತು ಮಾಡಿದಳು. ಅದುವರೆಗೆ ಮನೆಬಿಟ್ಟು ಬಾರದ ಹೆಂಗಸರು ಚಕ್ಕಡಿಯಲ್ಲಿ ಬರತೊಡಗಿದರು. ಕ್ಲಿನಿಕ್ ನೆಲೆ ನಿಂತಿತು. ನನ್ನ ಪಾಲಿನ ಸರೋಜಾ ಇನ್ನಷ್ಟು ಕಡಿಮೆಯಾದಳು.

ಈಗ ಕೋಲೂರಿಕೊಂಡು ನಾನೇ ಅಲ್ಲಿಗೆ ಹೋಗಿಬರುತ್ತೇನೆ. ಎಡಗೈ ಪೂರ್ತಿ ಬರಲಿಕ್ಕಿಲ್ಲ ಎಂದು ಸರೋಜಾ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಬಂದಷ್ಟು ಶಿವ ಕೊಟ್ಟದ್ದು. ಹೊಟ್ಟೆಕಿಚ್ಚು ಮಾತ್ರ ಹೋಗಿಲ್ಲ ಮೊಮ್ಮಕ್ಕಳೇ.

ಮೊನ್ನೆ ಹೋದಾಗ ಅವಳು ಯಾರದೋ ಕಾಲು ಹಿಡಿದು ಕೂತಿದ್ದಳು. ನನ್ನತ್ತ ನೋಡದೆಯೇ, "ದೊಡ್ಡವ್ವ, ನೀ ಸುರು ಮಾಡು" ಅಂದಳು. ಪರದೆ ಸರಿಸಿ ಒಳಗೆ ಹೋದೆ. ಪೈಪಿನ ನಡುವೆ ಖತೀಜಾಬಿ ನಡೆಯುತ್ತಿದ್ದಳು. ಕೋಲನ್ನು ಗೋಡೆಗೆ ಒರಗಿಸಿ, ಅವಳು ಮುಗಿಸುವ ತನಕ ಲಕ್ವಾ ಹೊಡೆದ ಮೇಲೆ ಮೊದಲ ಸಲ ಏನನ್ನೂ ಹಿಡಿಯದೆ ನಿಂತೆ.

ಸರೋಜಾ ನೋಡಲಿಲ್ಲ. ನಿಮಗಾದರೂ ಗೊತ್ತಿರಲಿ ಎಂದು ಬರೆದಿದ್ದೇನೆ.