ಏಳನೆಯ ಸಾಲು

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಸೂಜಿಯಕ್ಕ. ಹೊಲಿಯುವ ಸೂಜಿಯಲ್ಲ. ಕೂದಲೆಳೆಯಂಥ ತಂತಿಯನ್ನು ಕ್ಷಾರದ ನೀರಿನಲ್ಲಿ ಅದ್ದಿ, ತುದಿಯಲ್ಲಿ ಒಂದೇ ಒಂದು ಪರಮಾಣು ನಿಲ್ಲುವಷ್ಟು ಚೂಪಾಗಿ ಕರಗಿಸುವುದು ಅವಳ ಕೆಲಸ. ಆ ತುದಿ ಲೋಹದ ಮೈಯನ್ನು ಮುಟ್ಟಿಯೂ ಮುಟ್ಟದಂತೆ ಸವರಿಕೊಂಡು ಹೋದರೆ, ಪರದೆಯ ಮೇಲೆ ಪರಮಾಣುಗಳು ಪೋಣಿಸಿಟ್ಟ ಮಣಿಗಳ ಹಾಗೆ ಸಾಲುಸಾಲಾಗಿ ಮೂಡುತ್ತಿದ್ದವು. ಎರಡು ಬಾಣಂತನ ಬಿಟ್ಟರೆ ಹದಿನಾರು ವರ್ಷ ಅವಳು ಮಾಡಿದ್ದು ಇದನ್ನೇ. “ಮಗು ಉಗುರು ಕತ್ತರಿಸೋದಕ್ಕಿಂತ ಇದು ವಾಸಿ, ಒದೆಯೋದಿಲ್ಲ” ಎಂದು ನಗುತ್ತಿದ್ದಳು.

ಲೋಹದ ಪರಮಾಣುಗಳು ಹೇಗೆ ಕೂರಬೇಕೆಂದು ಮುಖ್ಯಸ್ಥರು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಟ್ಟಿರುತ್ತಿದ್ದರು. ಅದಕ್ಕೆ ಹೊಂದುವ ಚಿತ್ರ ವರದಿಗೆ ಹೋಗುತ್ತಿತ್ತು. ಹೊಂದದ್ದರ ಪಕ್ಕದಲ್ಲಿ ಅವಳು ‘ಸೂಜಿ ಕೆಟ್ಟಿದೆ’ ಎಂದು ಬರೆದು ಅಳಿಸುತ್ತಿದ್ದಳು. ಎಷ್ಟೋ ಸಲ ಕೆಟ್ಟಿರುತ್ತಿದ್ದದ್ದೂ ಸೂಜಿಯೇ.

ಹೈಡ್ರೋಜನ್ ತುಂಬುವ ಟ್ಯಾಂಕುಗಳ ಒಳಮೈಗೆಂದು ಬಂದ ಹೊಸ ತಗಡು ಸರಿಯಿದೆ ಎಂಬ ವರದಿ ಹೋಗಿ ಮೂರು ತಿಂಗಳಾಗಿತ್ತು. ಆ ಟ್ಯಾಂಕುಗಳಿದ್ದ ಕಾರ್ಖಾನೆಯಲ್ಲಿ ಅವಳ ತಮ್ಮನೇ ಮೇಲ್ವಿಚಾರಕ. ಒಂದು ಬೆಳಿಗ್ಗೆ ಹೊಸ ಸೂಜಿಯನ್ನು ಪರೀಕ್ಷಿಸಲು ಅದೇ ತಗಡಿನ ಉಳಿದ ಚೂರೊಂದನ್ನು ಯಂತ್ರಕ್ಕೆ ಹಾಕಿದಳು. ಆರು ಸಾಲು ನೆಟ್ಟಗಿದ್ದವು. ಏಳನೆಯದು ಬೈತಲೆ ತೆಗೆದಂತೆ ತಗ್ಗಿತ್ತು. ಮತ್ತೆ ಆರು, ಮತ್ತೆ ತಗ್ಗು. ಇಂಥ ಚಿತ್ರವನ್ನು ಹಿಂದೆಯೂ ನೋಡಿದ್ದಳು, ನೋಡಿ ಅಳಿಸಿದ್ದಳು.

ಸೂಜಿ ಬದಲಿಸಿದಳು. ತಗ್ಗು ಹೋಗಲಿಲ್ಲ. ಇನ್ನೊಂದು ಹಾಕಿದಳು, ಅದಕ್ಕೂ ಕಂಡಿತು. ಕಲೆ ಕನ್ನಡಕದ್ದೋ ಬಟ್ಟೆಯದೋ ಎಂದು ತಿಳಿಯಲು ಬಟ್ಟೆಯನ್ನೇ ತಿರುಗಿಸಿ ನೋಡುವ ಹಾಗೆ ಚೂರನ್ನು ಅಡ್ಡ ತಿರುಗಿಸಿದಳು. ತಗ್ಗೂ ಅದರ ಜೊತೆಗೇ ತಿರುಗಿತು. ಅವಳು ಮುಖ್ಯಸ್ಥರನ್ನು ಕರೆದಳು.

“ಸಾರ್, ನಿಮ್ಮ ಲೆಕ್ಕದಲ್ಲಿ ಒಂದು ಸಲಕ್ಕೆ ಎಷ್ಟು ಸಾಲು ಹಿಡಿಸ್ತೀರಿ?”

“ಆರು. ಅದನ್ನೇ ಅಕ್ಕಪಕ್ಕ ಜೋಡಿಸ್ಕೊಂಡು ಹೋಗುತ್ತೆ ಕಂಪ್ಯೂಟರು. ಯಾಕಮ್ಮಾ, ಇವತ್ತು ನನಗೇ ಪರೀಕ್ಷೆನಾ?”

“ಆರೇ ಇಟ್ಟರೆ ಏಳನೇದು ಎಡವಿದ್ದು ಅದಕ್ಕೆ ಹೇಗೆ ಸಾರ್ ಗೊತ್ತಾಗುತ್ತೆ?”

ಮುಖ್ಯಸ್ಥರ ನಗು ಅರ್ಧಕ್ಕೇ ನಿಂತಿತು. ಪರದೆಯ ಮುಂದೆ ಬಂದು ಬಗ್ಗಿದವರು ಬಹಳ ಹೊತ್ತು ನೆಟ್ಟಗಾಗಲಿಲ್ಲ. “ಆ ತಗ್ಗಿನಲ್ಲಿ ಹೈಡ್ರೋಜನ್ ನುಗ್ಗಿದರೆ ಲೋಹ ಒಳಗಿಂದೊಳಗೇ ಬಿರಿಯುತ್ತೆ” ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಅವಳು ಆಗಲೇ ತಮ್ಮನಿಗೆ ಫೋನು ಹಚ್ಚಿದ್ದಳು.

“ಏನಕ್ಕಾ, ಕೆಲಸದ ಹೊತ್ತಲ್ಲಿ? ಭಾವನ ಜೊತೆ ಜಗಳಾನಾ?”

“ಟ್ಯಾಂಕಿಗೆ ಗ್ಯಾಸ್ ತುಂಬಿದೀರೇನೋ?”

“ತುಂಬಿ ಎರಡು ವಾರ ಆಯ್ತಲ್ಲ.”

“ಒತ್ತಡ ಸರಿಯಾಗಿದೆಯಾ? ನಿಜ ಹೇಳು.”

“ನಿನ್ನೆಯಿಂದ ಮುಳ್ಳು ಒಂದೊಂದೇ ಗೆರೆ ಇಳೀತಿದೆ. ಮೀಟರ್ ಕೆಟ್ಟಿದೆ ಅಂತ ಬರೆದಿದೀವಿ, ಹೊಸದು ನಾಳೆ ಬರುತ್ತೆ.”

“ಮೀಟರ್ ಸರಿಯಾಗಿದೆ ಕಣೋ. ಸೋರ್ತಿರೋದು ಟ್ಯಾಂಕು. ಆ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೋಣೆ ತುಂಬಿದರೆ ಉಸಿರೇ ಕಟ್ಟುತ್ತೆ. ಹೊರಗೆ ಬಾ. ಈಗಲೇ ಬಾ.”

“ತಮಾಷೆ ಮಾಡ್ತಿಲ್ಲ ತಾನೇ?”

“ನನ್ನ ಮಕ್ಕಳಾಣೆ.”

“ಟ್ಯಾಂಕಿನ ಕೋಣೆಗೆ ಇಬ್ಬರು ಹಳೇ ಮೀಟರ್ ಬಿಚ್ಚೋಕೆ ಹೋಗಿದಾರಕ್ಕಾ. ಕರ್ಕೊಂಡು ಬಂದ್ಬಿಡ್ತೀನಿ.”

“ನೀನು ಹೋಗಬೇಡ! ಹೊರಗಿಂದಲೇ ಕೂಗು!”

ಆದರೆ ಫೋನು ಅವನ ಜೇಬು ಸೇರಿತ್ತು. ಬಟ್ಟೆಯ ಸರಬರ, ಕಬ್ಬಿಣದ ಮೆಟ್ಟಿಲಿನ ಮೇಲೆ ಓಡುವ ಕಾಲು. ಪಕ್ಕದಲ್ಲಿ ಮುಖ್ಯಸ್ಥರು ಕಾರ್ಖಾನೆಯ ಕಚೇರಿಗೆ ಫೋನು ಒತ್ತುತ್ತಿದ್ದರು, ಎರಡು ಸಲ ನಂಬರು ತಪ್ಪಿತು. ಮೆಟ್ಟಿಲ ಸದ್ದು ನಿಂತಿತು. ಬಾಗಿಲು ಕಿರುಗುಟ್ಟಿತು. ತಮ್ಮ ಇಬ್ಬರನ್ನೂ ಕೂಗಿ ಕರೆದ.

ಒಬ್ಬನು ಓಗೊಟ್ಟ. ತಮ್ಮ ಇನ್ನೊಬ್ಬನನ್ನು ಮತ್ತೆ ಕೂಗಿದ, ಈ ಸಲ ಇನ್ನೂ ಒಳಗಿನಿಂದ.