ಚಿಕ್ಕಮ್ಮನ ಮೇಲಿನ ಮೂರು ಬಟ್ಟೆ

ಮೊದಲ ಮಹಾಯುದ್ಧದ ಕೊನೆಯ ವರ್ಷ ಮಂಗಳೂರಿಗೆ ಜ್ವರ ಬಂತು. ಜನ ಅದನ್ನು ಯುದ್ಧಜ್ವರ ಎಂದರು. ಆಗ ನಾನು ಮತ್ತು ಅಕ್ಕನ ಗಂಡ ಬಂದರಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದೆವು. ನನಗೆ ಇಪ್ಪತ್ತಾರು ವರ್ಷ, ಭಾವನಿಗೆ ನಲವತ್ತು ದಾಟಿತ್ತು. ಯುದ್ಧದಿಂದಾಗಿ ಮುಂಬಯಿಯ ಹಡಗಿನಲ್ಲಿ ಬಟ್ಟೆ ಬರುವುದು ಕಡಿಮೆಯಾಗಿ, ಇದ್ದ ಬಟ್ಟೆಯ ಬೆಲೆ ವಾರವಾರವೂ ಏರುತ್ತಿತ್ತು. ಎರಡೂ ಮನೆಗಳ ಚಿನ್ನ ಅಡವಿಟ್ಟು ನಾವು ಗೋದಾಮಿನ ತುಂಬ ಬಿಳಿ ಬಟ್ಟೆ ಇಟ್ಟಿದ್ದೆವು. ಯುದ್ಧ ನಿಂತರೆ ಬೆಲೆ ಬೀಳುತ್ತದೆಂದು ಎಲ್ಲರಿಗೂ ಗೊತ್ತಿತ್ತು; ಎಂದು ನಿಲ್ಲುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಬೇಗ ಮಾರಿದರೆ ಲಾಭ ಬೇರೆಯವರಿಗೆ. ತಡವಾದರೆ ಅಕ್ಕನ ಕುತ್ತಿಗೆಯಲ್ಲಿ ಕರಿಮಣಿ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಜ್ವರ ಬಂದ ಮೇಲೆ ಆ ಬಟ್ಟೆ ಇನ್ನೂ ಜೋರಾಗಿ ಹೋಗತೊಡಗಿತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ನೆಂಟರ ಒಂದೊಂದು ಮನೆಯವರೂ ಒಂದೊಂದು ಹೊಸ ಬಿಳಿ ಬಟ್ಟೆ ತಂದು ಹೆಣಕ್ಕೆ ಹೊದಿಸುತ್ತಾರೆ. ದೊಡ್ಡ ಕುಟುಂಬದ ಹಿರಿಯರಾದರೆ ಮೂವತ್ತು, ನಲವತ್ತು ಬಟ್ಟೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಜಗಲಿಯಲ್ಲಿ ಜನ ಕಾಯುತ್ತಿದ್ದರು. ಅಳತೆ ಹಿಡಿದು ಹರಿದು ಕೊಡುವುದು ನನ್ನ ಕೆಲಸ.

ಎದುರಂಗಡಿಯ ಮುದುಕ ವ್ಯಾಪಾರಿ ನಮ್ಮ ಗೋದಾಮನ್ನು ಇಡಿಯಾಗಿ ಕೊಳ್ಳುತ್ತೇನೆಂದು ಎರಡು ಸಲ ಹೇಳಿ ಕಳಿಸಿದ್ದರು.

"ಕೊಟ್ಟುಬಿಡುವ ಭಾವ," ಎಂದೆ.

ಭಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. "ನಿನಗೆಂತ ಅವಸರ ಮಾರಾಯ? ಊರು ಇನ್ನೂ ಸಾಯ್ತಾ ಉಂಟಲ್ಲ."

ನಾನು ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ.

ಆಮೇಲೆ ಕಾವೂರಿನಲ್ಲಿ ಭಾವನ ಚಿಕ್ಕಮ್ಮ ಅದೇ ಜ್ವರದಿಂದ ತೀರಿಕೊಂಡರು. ತಾಯಿಯಿಲ್ಲದ ಭಾವನನ್ನು ಸಾಕಿದವರು ಅವರೇ. ನಾವು ಅಂಗಡಿಯಿಂದ ಒಳ್ಳೆಯ ಬಟ್ಟೆಯನ್ನೇ ಆರಿಸಿ ತೆಗೆದುಕೊಂಡು ಹೋದೆವು. ಮನೆಯಲ್ಲಿ ಚಿಕ್ಕಮ್ಮನ ಮಗನೊಬ್ಬನೇ ಇದ್ದ; ಮಧ್ಯಾಹ್ನದವರೆಗೆ ಕಾದರೂ ನೆಂಟರು ಬರಲಿಲ್ಲ. ನಮ್ಮದೊಂದು ಬಟ್ಟೆ, ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೊಟ್ಟದ್ದೊಂದು. ದೇರೆಬೈಲಿನಿಂದ ಬಂದ ನೆಂಟನೊಬ್ಬ ಅಂಗಳಕ್ಕೆ ಕಾಲಿಡದೆ ಗದ್ದೆಯ ಬದುವಿನ ಮೇಲೆ ಬಟ್ಟೆಯಿಟ್ಟು, ದೂರದಿಂದಲೇ ಕೈಮುಗಿದು ಹೊರಟುಹೋದ. ಅದನ್ನು ಎತ್ತಿ ತಂದು ಹೊದಿಸಿದವನು ನಾನು. ಹೀಗೆ ಮೂರು.

ಭಾವ ತಲೆಯ ಕಡೆ ನಿಂತಿದ್ದರು. ಅವರ ತುಟಿ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾರೆ ಎಂದುಕೊಂಡೆ. ಕಣ್ಣಿನಲ್ಲಿ ನೀರಿತ್ತು. ಆ ಅಳು ಸುಳ್ಳೆಂದು ನಾನು ಹೇಳುವುದಿಲ್ಲ.

ದಹನ ಮುಗಿಸಿ ನಡೆದು ಬರುವಾಗ, ಬಿಜೈ ಹತ್ತಿರ ಅವರು ಬಾಯಿ ಬಿಟ್ಟರು.

"ನೋಡಿದಿಯಾ, ಮೂರೇ."

"ಎಂತ ಮೂರು?"

"ಬಟ್ಟೆ. ಬೇರೆ ಕಾಲದಲ್ಲಾದರೆ ಚಿಕ್ಕಮ್ಮನಿಗೆ ಮೂವತ್ತಕ್ಕೆ ಕಮ್ಮಿ ಬೀಳ್ತಿರಲಿಲ್ಲ. ಜನ ಹೆದರಿದ್ದಾರೆ. ಇನ್ನು ಎಷ್ಟು ಹೆಣ ಬಿದ್ದರೂ ಒಂದಕ್ಕೆ ಒಂದು, ಹೆಚ್ಚೆಂದರೆ ಎರಡು. ಎದುರಂಗಡಿಯವರು ಹೆಣವನ್ನು ಮಾತ್ರ ನೋಡ್ತಾರೆ, ಮೇಲಿನ ಬಟ್ಟೆ ನೋಡುವುದಿಲ್ಲ. ನಾಳೆಯೇ ಕೊಟ್ಟುಬಿಡುವ."

ಅವರ ಮುಂಗೈಯಲ್ಲಿ ಇನ್ನೂ ಬೂದಿ ಅಂಟಿತ್ತು. ನಾನು ದಾರಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ಭಾವ ಬೆನ್ನು ನೀವಿ, "ಬಿಸಿಲು ಜೋರುಂಟು," ಎಂದರು. ಅವರ ಮಾತು ಸರಿಯೆಂದು ಕೂತಲ್ಲೇ ನನಗೆ ಹೊಳೆದಿತ್ತು. ಅಕ್ಕನ ಚಿನ್ನ ಉಳಿಯಿತು ಎಂದು ಸಮಾಧಾನವೂ ಆಗಿತ್ತು. ಹಾಗೆ ಕೂತದ್ದು ಯಾವುದಕ್ಕೆಂದು ಬಿಡಿಸಿ ಹೇಳಲಾರೆ.

ಮರುದಿನ ಬೆಳಿಗ್ಗೆ ಎದುರಂಗಡಿಯವರು ದುಃಖ ವಿಚಾರಿಸಲು ತಾವಾಗಿಯೇ ಬಂದರು. ಭಾವ ವ್ಯಾಪಾರದ ಮಾತೆತ್ತಿದರು: ಸೂತಕದಲ್ಲಿ ಅಂಗಡಿ ನೋಡಲು ಮನಸ್ಸಿಲ್ಲ, ಬೇಕಿದ್ದರೆ ಎಲ್ಲ ತೆಗೆದುಕೊಳ್ಳಿ ಎಂದು. ಮುದುಕರು ನನ್ನ ಕಡೆ ತಿರುಗಿ, ಬರೇ ಉಪಚಾರಕ್ಕೆಂಬಂತೆ ಕೇಳಿದರು:

"ಕಾವೂರಿಗೆ ಜನ ಬಂದಿದ್ದರಾ ಮಗಾ?"

ಭಾವ ಏನೂ ಹೇಳಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು.

"ಬಂದಿದ್ದರು ಧನಿಗಳೇ," ಎಂದೆ. "ಅಂಗಳ ತುಂಬ."

"ಪುಣ್ಯವಂತೆ," ಎಂದು ಅವರು ಕೈಮುಗಿದರು. ಸಂಜೆಯೊಳಗೆ ಅವರ ಹಮಾಲರು ನಮ್ಮ ಗೋದಾಮನ್ನು ಬರಿದು ಮಾಡಿದರು.

ಭಾವ ಹೇಳಿದ ಹಾಗೆಯೇ ಆಯಿತು. ಜಗಲಿಯಲ್ಲಿ ಕಾಯುವವರು ದಿನದಿಂದ ದಿನಕ್ಕೆ ಕಡಿಮೆಯಾದರು. ಕೆಲವು ವಾರಗಳಲ್ಲಿ ಯುದ್ಧವೂ ನಿಂತು ಬೆಲೆ ಬಿತ್ತು. ಮುದುಕರು ಆ ಬಟ್ಟೆಯನ್ನು ಸಿಕ್ಕಿದ ಬೆಲೆಗೆ ಕೊಟ್ಟು, ವರ್ಷದೊಳಗೆ ಅಂಗಡಿ ಮುಚ್ಚಿದರು. ಬಂದರಿನಲ್ಲಿ ಭಾವನಿಗೆ ಹೆಸರು ಬಂತು. ಎಲ್ಲಿ ಹೋದರೂ, ಯಾವಾಗ ಕೈಬಿಡಬೇಕೆಂದು ಹೇಗೆ ಗೊತ್ತಾಯಿತು ಎಂದು ಕೇಳುವವರು. ಅವರು ನಕ್ಕು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಪಾಲನ್ನು ನಾನು ಬೇಡವೆನ್ನಲಿಲ್ಲ.

ಮುದುಕರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಈಗಲೂ ಸರಿಯಾಗಿ ಗೊತ್ತು. ಚಟ್ಟ ಹೊರಲು ನಾಲ್ಕನೆಯವನು ಸಿಗದೆ, ಮುಂದೆ ಭಾವನೂ ಚಿಕ್ಕಮ್ಮನ ಮಗನೂ, ಹಿಂದೆ ಎರಡೂ ತುದಿಗೆ ಹೆಗಲು ಕೊಟ್ಟು ನಾನೊಬ್ಬನೇ, ಹೀಗೆ ಮೂವರೇ ಹೊತ್ತಿದ್ದೆವು.